ಚೀನಾದ ಕಾರ್ಖಾನೆಗೆ ಮೊದಲ ಸಲ ಹಣ ಕಳಿಸಿದ ಕಥೆ

ಕಳೆದ ವಾರ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಚಟ್ನಿಪುಡಿ ತುಂಬುವ ಯಂತ್ರ ಓಡಲು ಶುರುವಾಯಿತು. ನಿಮಿಷಕ್ಕೆ ಇಪ್ಪತ್ತನಾಲ್ಕು ಪೊಟ್ಟಣ. ಅತ್ತೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಬಿದ್ದ ಪೊಟ್ಟಣಗಳನ್ನೆಲ್ಲ ಮತ್ತೆ ತಕ್ಕಡಿಗೆ ಹಾಕಿ ನೋಡುತ್ತಿದ್ದಾರೆ. ಯಂತ್ರದ ಮೇಲೆ ಅವರಿಗೆ ಇನ್ನೂ ನಂಬಿಕೆ ಬಂದಿಲ್ಲ. ನನಗಂತೂ ಐದು ತಿಂಗಳು ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಕಾಣದ ಊರಿನ ಕಾಣದ ಜನರ ಖಾತೆಗೆ ಆರು ಲಕ್ಷ ರೂಪಾಯಿ ಹಾಕುವ ಮುಂಚೆ ಏನೇನು ನೋಡಬೇಕೆಂದು ಹೇಳುವವರು ನನಗೆ ಸಿಗಲಿಲ್ಲ. ಹಾಗಾಗಿ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಧಾರವಾಡದಲ್ಲಿ ನಮ್ಮದು ಶೇಂಗಾ, ಗುರೆಳ್ಳು, ಅಗಸಿ ಚಟ್ನಿಯ ಸಣ್ಣ ಉದ್ಯೋಗ. ಅತ್ತೆ ಶುರು ಮಾಡಿದ್ದು, ಈಗ ಲೆಕ್ಕಪತ್ರ ನನ್ನದು. ನಮ್ಮ ದೇಶದ ಯಂತ್ರಗಳನ್ನೂ ವಿಚಾರಿಸಿದ್ದೆ. ಎಣ್ಣೆ ಬಿಡುವ ಶೇಂಗಾ ಪುಡಿ, ನೂರು ಗ್ರಾಂ ಪೊಟ್ಟಣ, ನಮ್ಮ ಬಜೆಟ್ಟು ಈ ಮೂರೂ ಒಟ್ಟಿಗೆ ಹೊಂದಲಿಲ್ಲ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ಬಳಿ ರುಯಿಯಾನ್ ಎಂಬ ಊರಿದೆ. ಪ್ಯಾಕಿಂಗ್ ಯಂತ್ರಗಳ ಕಾರ್ಖಾನೆಗಳು ಅಲ್ಲಿ ಸಾಲುಸಾಲಾಗಿವೆ. ಜುಲೈನಲ್ಲಿ ಅಲ್ಲಿನ ಮೂವರಿಗೆ ಬರೆದೆ.

ಮೊದಲನೆಯವನು ಹೇಳಿದ ಬೆಲೆ ಎಲ್ಲರಿಗಿಂತ ಕಡಿಮೆ, 6,100 ಡಾಲರ್. ಜೊತೆಗೆ ಕೇಳದೆಯೇ ಒಂದು ಉಪಕಾರ: "ಇನ್‌ವಾಯ್ಸಿನಲ್ಲಿ 3,000 ಎಂದು ಬರೆಯುತ್ತೇನೆ, ನಿಮಗೆ ಸುಂಕ ಉಳಿಯುತ್ತದೆ. ಉಳಿದದ್ದನ್ನು ನನ್ನ ಸ್ವಂತ ಖಾತೆಗೆ ಹಾಕಿ." ಸುಂಕ ಉಳಿಯುವ ಮಾತಿಗೆ ಮನಸ್ಸು ಒಂದು ಗಳಿಗೆ ಅಲ್ಲಾಡಿದ್ದು ನಿಜ. ಆದರೆ ಕಡಿಮೆ ಬೆಲೆ ತೋರಿಸುವುದು ಕಸ್ಟಮ್ಸ್ ಕಾಯ್ದೆಯಲ್ಲಿ ಅಪರಾಧ. ಸರಕು ಜಪ್ತಿಯಾಗಬಹುದು, ದಂಡ ಬೀಳಬಹುದು. ಅದನ್ನು ಬದಿಗಿಟ್ಟರೂ, ಇನ್‌ವಾಯ್ಸಿನಲ್ಲಿ ಇಲ್ಲದ ಹಣವನ್ನು ಬ್ಯಾಂಕಿನ ಮೂಲಕ ಕಳಿಸುವ ದಾರಿಯೇ ಇಲ್ಲ. ಕಳಿಸಿದ ಮೇಲೆ ಆತ ಕೈಕೊಟ್ಟರೆ ಯಾವ ಕಾಗದ ಹಿಡಿದು ಕೇಳುವುದು? ಆತನನ್ನು ಅಲ್ಲಿಗೇ ಬಿಟ್ಟೆ.

ಎರಡನೆಯವರು ಕಾರ್ಖಾನೆಯವರೇ ಅಲ್ಲ, ಮಧ್ಯವರ್ತಿಗಳು. ಇನ್‌ವಾಯ್ಸ್ ಚೀನಾದ ಕಂಪನಿಯದು, ಹಣ ಮಾತ್ರ ಹಾಂಗ್‌ಕಾಂಗಿನ ಇನ್ನೊಂದು ಹೆಸರಿನ ಖಾತೆಗೆ ಎಂದರು. ಇದು ಅಲ್ಲಿ ಸಾಮಾನ್ಯವಂತೆ, ಮೋಸವೇ ಆಗಬೇಕೆಂದಿಲ್ಲ. ಆದರೆ ಮಾಲು ಒಬ್ಬರದು, ಹಣ ಇನ್ನೊಬ್ಬರಿಗೆ ಎಂದಾದರೆ ನಮ್ಮ ಬ್ಯಾಂಕುಗಳು ಮೂರೂ ಕಡೆಯವರ ಒಪ್ಪಂದ ಕೇಳುತ್ತವೆ, ಬಿಲ್ ಆಫ್ ಎಂಟ್ರಿಯಲ್ಲೂ (ಆಮದಾದ ಸರಕಿಗೆ ಕಸ್ಟಮ್ಸಿಗೆ ಸಲ್ಲಿಸುವ ಘೋಷಣೆ) ಅದು ಕಾಣಬೇಕಾಗುತ್ತದೆ. ಮೊದಲ ಆಮದಿನಲ್ಲೇ ಆ ಗೋಜಲು ಬೇಡವೆನಿಸಿತು.

ಮೂರನೆಯವರದು 6,800 ಡಾಲರ್, ಎಫ್‌ಒಬಿ ನಿಂಗ್‌ಬೊ. ಅಂದರೆ ನಿಂಗ್‌ಬೊ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಅವರ ಖರ್ಚು, ಮುಂದಿನದು ನಮ್ಮದು. ಅವರ ವ್ಯಾಪಾರ ಪರವಾನಗಿಯ ಪ್ರತಿ ಕೇಳಿದೆ. ಅದರಲ್ಲಿ ಹದಿನೆಂಟು ಅಕ್ಷರ ಮತ್ತು ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಚೀನಾ ಸರ್ಕಾರದ ಉದ್ಯಮ ಮಾಹಿತಿ ಜಾಲತಾಣದಲ್ಲಿ ಹಾಕಿ, ಬಂದದ್ದನ್ನು ಮೊಬೈಲಿನಲ್ಲಿ ಅನುವಾದಿಸಿ ಓದಿದೆ: ಸ್ಥಾಪನೆಯಾದ ವರ್ಷ, ವಿಳಾಸ, ವ್ಯವಹಾರದ ವ್ಯಾಪ್ತಿ. ವ್ಯಾಪ್ತಿಯಲ್ಲಿ 'ತಯಾರಿಕೆ' ಎಂಬ ಮಾತಿದೆಯೋ ಬರೀ 'ಮಾರಾಟ' ಎಂದಿದೆಯೋ ನೋಡಿಕೊಳ್ಳಿ. ಒಂದು ತೊಡಕೆಂದರೆ ಪರವಾನಗಿಯಲ್ಲಿ ಚೀನೀ ಹೆಸರು ಮಾತ್ರ ಇರುತ್ತದೆ, ನಾವು ಹಣ ಕಳಿಸುವುದು ಇಂಗ್ಲಿಷ್ ಹೆಸರಿಗೆ. ಎರಡೂ ಒಬ್ಬರೇ ಎನ್ನುವುದಕ್ಕೆ, ಎರಡೂ ಹೆಸರಿರುವ ಖಾತೆ ದೃಢೀಕರಣ ಪತ್ರವನ್ನು ಅವರ ಬ್ಯಾಂಕಿನಿಂದ ತರಿಸಿಕೊಂಡೆ. ನಾಲ್ಕು ದಿನ ತಡವಾಯಿತು, ಆದರೆ ಕೊಟ್ಟರು.

ಆಮೇಲೆ ವಿಡಿಯೊ ಕರೆ. ಚೀನೀಯರು ಬಳಸುವ ವಿಚಾಟ್ ನಮ್ಮಲ್ಲಿ 2020ರಿಂದ ನಿಷೇಧ, ವಾಟ್ಸ್ಆ್ಯಪ್ ಅವರಲ್ಲಿ ನೇರವಾಗಿ ಸಿಗುವುದಿಲ್ಲ. ಮಾರಾಟ ವಿಭಾಗದ ಹುಡುಗಿ ಹೇಗೋ ದಾರಿ ಮಾಡಿಕೊಂಡು ವಾಟ್ಸ್ಆ್ಯಪಿಗೆ ಬರುತ್ತಿದ್ದಳು, ಕೆಲವು ದಿನ ಬರುತ್ತಿರಲಿಲ್ಲ. ಹೀಗಾಗಿ ಮುಖ್ಯ ಮಾತೆಲ್ಲ ಇಮೇಲಿನಲ್ಲೇ ನಡೆಯಿತು. ಇದರಿಂದ ಮುಂದೆ ಏನಾಯಿತು ಎಂದು ಹೇಳುತ್ತೇನೆ.

ಇತ್ತ ನನ್ನ ಕಡೆಯ ಕಾಗದ. ಆಮದು ಮಾಡಲು ಐಇಸಿ, ಅಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಮನೆಯಲ್ಲೇ ಕುಳಿತು ಪಡೆಯಬಹುದು. ಸಂಖ್ಯೆ ನಿಮ್ಮ ಪ್ಯಾನ್ ಸಂಖ್ಯೆಯೇ. ಮೂರು ಸಾವಿರ ಕೊಡಿ, ಮಾಡಿಸಿಕೊಡುತ್ತೇನೆ ಎಂದವರು ಇಬ್ಬರು ಸಿಕ್ಕಿದ್ದರು! ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾಗಿರದಿದ್ದರೂ, ಅದನ್ನು ಮತ್ತೆ ದೃಢೀಕರಿಸಬೇಕು. ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ.

ನಮ್ಮ ಖಾತೆಯಿರುವ ಧಾರವಾಡದ ಶಾಖೆಯಲ್ಲಿ ವಿದೇಶಕ್ಕೆ ಹಣ ಕಳಿಸುವ ವ್ಯವಸ್ಥೆ ಇರಲಿಲ್ಲ. ಹುಬ್ಬಳ್ಳಿಯ ಶಾಖೆಗೆ ಹೋಗಿ ಎಂದರು. ಆಗಸ್ಟ್ ಪೂರ್ತಿ ಚಿಗರಿ ಬಸ್ಸಿನಲ್ಲಿ ಓಡಾಡಿದೆ. ಮೊದಲ ಭೇಟಿಯಲ್ಲಿ ಕೌಂಟರಿನಲ್ಲಿದ್ದವರು ಶೇಕಡಾ 20 ಟಿಸಿಎಸ್ (ಬ್ಯಾಂಕೇ ಮೊದಲು ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯಬೇಕಾಗುತ್ತದೆ ಎಂದು ಹೆದರಿಸಿದರು. ನನ್ನ ಜೀವವೇ ಹೋದಂತಾಯಿತು. ಆ ಟಿಸಿಎಸ್ ವ್ಯಕ್ತಿಗಳು ಉದಾರೀಕೃತ ರವಾನೆ ಯೋಜನೆಯಡಿ ಕಳಿಸುವ ಹಣಕ್ಕೆ ಸಂಬಂಧಿಸಿದ್ದು. ವ್ಯಾಪಾರದ ಚಾಲ್ತಿ ಖಾತೆಯಿಂದ ಆಮದಿಗೆ ಕೊಡುವ ಹಣಕ್ಕೆ ಅದು ತಗಲುವುದಿಲ್ಲ. ಒಳಗಿನ ಕೊಠಡಿಯ ವಿದೇಶಿ ವಿನಿಮಯ ಅಧಿಕಾರಿ ಇದನ್ನು ಬಿಡಿಸಿ ಹೇಳಿದರು. ಮುಂದೆ ನನ್ನನ್ನು ಎರಡು ಸಲ ಕಾಪಾಡಿದವರು ಆ ಮೇಡಂ.

"ಎಲ್‌ಸಿ ತೆರೆದರೆ ಸುರಕ್ಷಿತವಲ್ಲವೇ ಮೇಡಂ?" ಎಂದು ಕೇಳಿದ್ದೆ. ಎಲ್‌ಸಿ ಎಂದರೆ ಲೆಟರ್ ಆಫ್ ಕ್ರೆಡಿಟ್, ಒಪ್ಪಿದ ಕಾಗದ ಬಂದರೆ ಮಾರುವವರಿಗೆ ಹಣ ಕೊಡುತ್ತೇವೆಂಬ ಬ್ಯಾಂಕಿನ ಭರವಸೆ. ಪುಸ್ತಕದ ಜ್ಞಾನ ನನ್ನದು. ಅವರು ನಕ್ಕು ಲೆಕ್ಕ ತೋರಿಸಿದರು. ನಮಗೆ ಬ್ಯಾಂಕಿನಲ್ಲಿ ಸಾಲದ ಮಿತಿ ಇಲ್ಲದ್ದರಿಂದ ಪೂರ್ತಿ ಮೊತ್ತಕ್ಕೆ ಠೇವಣಿ ಇಡಬೇಕು. ತೆರೆಯುವ ಶುಲ್ಕ, ತಿದ್ದುಪಡಿ ಶುಲ್ಕ, ಅತ್ತಲಿನ ಬ್ಯಾಂಕಿನ ಶುಲ್ಕ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್‌ಸಿಯಲ್ಲಿ ಬ್ಯಾಂಕು ನೋಡುವುದು ಕಾಗದವನ್ನೇ ಹೊರತು ಸರಕನ್ನಲ್ಲ. "ಪೆಟ್ಟಿಗೆಯಲ್ಲಿ ಇಟ್ಟಿಗೆ ತುಂಬಿದ್ದರೂ ಕಾಗದ ಸರಿಯಿದ್ದರೆ ನಾವು ಹಣ ಕೊಡಲೇಬೇಕಮ್ಮ" ಎಂದರು. ಕಾರ್ಖಾನೆಯವರಂತೂ ಏಳು ಸಾವಿರ ಡಾಲರಿಗೆ ಎಲ್‌ಸಿಯ ಮಾತೇ ಬೇಡ ಎಂದುಬಿಟ್ಟಿದ್ದರು.

ಉಳಿದದ್ದು ಟಿಟಿ, ನೇರ ರವಾನೆ. ಒಮ್ಮೆ ಹೋದರೆ ಹೋಯಿತು. ಹಾಗಾಗಿ ಜಗಳವೆಲ್ಲ ಎಷ್ಟು ಹಣ, ಯಾವಾಗ ಎಂಬುದರ ಮೇಲೆ. ಅವರು ಶೇಕಡಾ 30 ಮುಂಗಡ, ಮಾಲು ಕಳಿಸುವ ಮುಂಚೆ 70 ಎಂದರು. 30ಕ್ಕೆ ಒಪ್ಪಿದೆ. ಉಳಿದ 70ಕ್ಕೆ ನಾನಿಟ್ಟ ಶರತ್ತು ಹೀಗಿತ್ತು: ಮೊದಲು ಮೂರನೆಯವರಿಂದ ತಪಾಸಣೆ, ಅದರಲ್ಲಿ ಪಾಸಾದರೆ ಬಂದರಿಗೆ, ಬಿಲ್ ಆಫ್ ಲೇಡಿಂಗಿನ (ಸರಕು ಹಡಗಿಗೆ ಏರಿತೆಂಬ ರಸೀದಿ, ಇದರ ಮೂಲ ತೋರಿಸಿದವರಿಗೆ ಸರಕು) ಪ್ರತಿ ಕೈಗೆ ಬಂದ ಮೇಲೆ ಹಣ, ಹಣ ಸಿಕ್ಕ ಮೇಲೆ ಅವರು ಸರಕನ್ನು ನಮಗೆ ಬಿಟ್ಟುಕೊಡುವುದು. ಹೀಗಿದ್ದರೆ ಮೂಲ ಬಿಲ್ಲು ಅವರ ಕೈಯಲ್ಲಿ, ಹಣ ನನ್ನ ಕೈಯಲ್ಲಿ, ಸರಕು ಸಮುದ್ರದ ಮೇಲೆ. ಹತ್ತು ದಿನ ಎಳೆದಾಡಿ ಒಪ್ಪಿದರು. ಈ ಶರತ್ತುಗಳನ್ನೆಲ್ಲ, ಮಾಲು ಕಳಿಸುವ ಮುಂಚೆಯೇ ಕೊಡುವ ಪ್ರೊಫಾರ್ಮಾ ಇನ್‌ವಾಯ್ಸಿನೊಳಗೇ ಬರೆಸಿ ಮೊಹರು ಹಾಕಿಸಿಕೊಂಡೆ. ಯಂತ್ರದ ವೋಲ್ಟೇಜು, ನಿಮಿಷಕ್ಕೆ ಎಷ್ಟು ಪೊಟ್ಟಣ, ಯಾವ ಉಕ್ಕು ಎಂಬುದನ್ನೂ ಬರೆಸಿದೆ. ಬಾಯಿಮಾತಿನ ಭರವಸೆಯನ್ನು ತಪಾಸಣೆಗೆ ಬಂದವನು ಯಾವುದಕ್ಕೆ ಹೋಲಿಸಿ ನೋಡಬೇಕು?

ಸೆಪ್ಟೆಂಬರ್ 2ರಂದು 2,040 ಡಾಲರ್ ಹೋಯಿತು. ಬ್ಯಾಂಕು ಕೇಳಿದ ಕಾಗದ: ಸಹಿ ಮಾಡಿದ ಪ್ರೊಫಾರ್ಮಾ, ಐಇಸಿ, ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ರವಾನೆ ಅರ್ಜಿ, ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ಘೋಷಣೆ, ಸರಕು ತರಿಸಿದ ಪುರಾವೆ ಕೊಡುತ್ತೇನೆಂಬ ಮುಚ್ಚಳಿಕೆ. ಮುಂಗಡಕ್ಕೆ ಉದ್ದೇಶ ಸಂಕೇತ ಎಸ್0101, ಇನ್‌ವಾಯ್ಸ್ ಮೇಲಿನ ಪಾವತಿಗೆ ಎಸ್0102. ಮುಂಗಡ ಕೊಟ್ಟ ದಿನದಿಂದ ಆರು ತಿಂಗಳಲ್ಲಿ ಸರಕು ಬರಬೇಕು. ಯಂತ್ರದಂತಹ ಬಂಡವಾಳ ಸರಕಿಗೆ ಮೂರು ವರ್ಷದವರೆಗೆ ಅವಕಾಶವಿದೆ. ಡಾಲರಿಗೆ 88 ರೂಪಾಯಿ 90 ಪೈಸೆ ಹಿಡಿದರು. ಆ ದಿನ ಮೊಬೈಲಿನಲ್ಲಿ ಕಾಣುತ್ತಿದ್ದ ದರಕ್ಕಿಂತ ಎಂಬತ್ತು ಪೈಸೆ ಹತ್ತಿರ ಜಾಸ್ತಿ. ಚೌಕಾಶಿ ಮಾಡಬಹುದೆಂದು ನನಗೆ ಆಮೇಲೆ ತಿಳಿಯಿತು. ಹಣ ಬದಲಾಯಿಸಿದ ಸೇವೆಗೆ ಜಿಎಸ್‌ಟಿ 253 ರೂಪಾಯಿ, ಬ್ಯಾಂಕಿನ ಶುಲ್ಕ ಬೇರೆ.

ಮೂರು ದಿನ ಕಳೆದವು. ಐದು ದಿನ ಕಳೆದವು. ಹುಡುಗಿ ದಿನವೂ "ಇನ್ನೂ ಬಂದಿಲ್ಲ" ಎನ್ನುತ್ತಾಳೆ. ನಮ್ಮ ಖಾತೆಯಿಂದ ಹಣ ಹೋಗಿದೆ. ರಾತ್ರಿ ನಿದ್ದೆ ಬಾರದೆ ಅಡುಗೆಮನೆಯಲ್ಲಿ ನೀರು ಕುಡಿಯುತ್ತ ನಿಂತಿರುತ್ತಿದ್ದೆ. ಮನೆಯವರು ಏನನ್ನೂ ಕೇಳುತ್ತಿರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. ಏಳನೆಯ ದಿನ ಮೇಡಂ, ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸ್ವಿಫ್ಟ್ ಸಂದೇಶದ ಪ್ರತಿ ತೆಗೆದು ನೋಡಿದರು. ಹಣ ಪಡೆಯುವವರ ಹೆಸರಿಗೆ ಒಂದು ಸಾಲಿನಲ್ಲಿ 35 ಅಕ್ಷರ ಮಾತ್ರ ಹಿಡಿಸುತ್ತದೆ. ಕಾರ್ಖಾನೆಯ ಹೆಸರು ಅದಕ್ಕಿಂತ ಉದ್ದ. ಟೈಪು ಮಾಡಿದವರು ಉಳಿದದ್ದನ್ನು ಎರಡನೆಯ ಸಾಲಿಗೆ ಹಾಕದೆ ಬಿಟ್ಟಿದ್ದರು. ಖಾತೆ ಸಂಖ್ಯೆ ಸರಿ, ಹೆಸರು ಅರ್ಧ; ಚೀನಾದ ಬ್ಯಾಂಕು ಹಣವನ್ನು ತಡೆದಿಟ್ಟಿತ್ತು. ತಿದ್ದುಪಡಿ ಸಂದೇಶ ಹೋಗಿ, ಒಂಬತ್ತನೆಯ ದಿನ ಹಣ ಮುಟ್ಟಿತು. ನಿಮ್ಮ ರವಾನೆಯಾದ ದಿನವೇ ಸ್ವಿಫ್ಟ್ ಪ್ರತಿ ಕೇಳಿ ಪಡೆಯಿರಿ, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ.

ಮುಟ್ಟಿದ್ದು 2,015 ಡಾಲರ್. ನಡುವಿನ ಬ್ಯಾಂಕು 25 ಮುರಿದುಕೊಂಡಿತ್ತು. ಮುಂದಿನ ಕಂತಿನಲ್ಲಿ ಸೇರಿಸಿ ಕಳಿಸುತ್ತೇನೆ ಎಂದು ಹುಡುಗಿಗೆ ಮಾತು ಕೊಟ್ಟೂ ಬಿಟ್ಟೆ. ಮೇಡಂ ತಡೆದರು. ಇನ್‌ವಾಯ್ಸ್ 6,800 ಇದ್ದು ಹಣ 6,825 ಹೋದರೆ ಮುಂದೆ ಬಿಲ್ ಆಫ್ ಎಂಟ್ರಿಗೆ ತಾಳೆಯಾಗುವುದಿಲ್ಲ, 25 ಡಾಲರಿನ ಬಾಕಿ ನಿಮ್ಮ ಹೆಸರಿನಲ್ಲಿ ನಿಂತುಬಿಡುತ್ತದೆ ಎಂದರು. ಕಾರ್ಖಾನೆಯವರು ಆ 25 ಬಿಟ್ಟುಕೊಟ್ಟರು. ಎರಡನೆಯ ಸಲ ಎಲ್ಲ ಬ್ಯಾಂಕುಗಳ ಶುಲ್ಕವೂ ನಮ್ಮದೇ ಎಂಬ ಆಯ್ಕೆಯಲ್ಲಿ ಕಳಿಸಿದೆ.

ಯಂತ್ರಕ್ಕೆ ಮೂವತ್ತು ದಿನ ಎಂದಿದ್ದರು. ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ರಜೆ, ಎಲ್ಲ ಬಂದ್. ಅದು ಮುಗಿಯುವಷ್ಟರಲ್ಲಿ ನಮ್ಮಲ್ಲಿ ದೀಪಾವಳಿಯ ಸುಣ್ಣ ಬಣ್ಣ. ಆರ್ಡರ್ ಕೊಡುವ ಮುಂಚೆ ಎರಡೂ ದೇಶಗಳ ಪಂಚಾಂಗ ನೋಡಬೇಕು. ಅವರ ಹೊಸ ವರ್ಷದ ರಜೆಯಂತೂ ಇನ್ನೂ ಉದ್ದ.

ತಪಾಸಣೆಗೆ ಭಾರತದಲ್ಲಿ ಕಚೇರಿ ಇರುವ ಒಂದು ಸಂಸ್ಥೆಯನ್ನು ಹಿಡಿದೆ. ಒಂದು ದಿನಕ್ಕೆ 24,000 ರೂಪಾಯಿ ಮತ್ತು ಜಿಎಸ್‌ಟಿ. ರೂಪಾಯಿಯಲ್ಲೇ ಕೊಡಬಹುದಾದ್ದರಿಂದ ಮತ್ತೊಂದು ವಿದೇಶಿ ರವಾನೆ ತಪ್ಪಿತು. ಮನೆಯಲ್ಲಿ ಇದನ್ನು ದಂಡದ ಖರ್ಚು ಎಂದರು. ವರದಿ ಬಂದ ಮೇಲೆ ಯಾರೂ ಮಾತಾಡಲಿಲ್ಲ. ಪ್ರೊಫಾರ್ಮಾದಲ್ಲಿ 220 ವೋಲ್ಟ್ ಒಂದು ಫೇಸ್ ಎಂದಿತ್ತು, ಯಂತ್ರದ ಫಲಕದ ಮೇಲೆ 380 ವೋಲ್ಟ್ ಮೂರು ಫೇಸ್! ನಮ್ಮ ಶೆಡ್ಡಿಗೆ ಮೂರು ಫೇಸ್ ಸಂಪರ್ಕವೇ ಇಲ್ಲ. ಶೇಂಗಾ ಪುಡಿ ಹಾಕಿ ಓಡಿಸಿದರೆ ನಿಮಿಷಕ್ಕೆ ಇಪ್ಪತ್ತೈದರ ಬದಲು ಹದಿನೇಳು ಪೊಟ್ಟಣ, ತಿರುಪಿಗೆ ಪುಡಿ ಅಂಟುತ್ತಿತ್ತು. ಇನ್ನೊಂದು ಫೋಟೊದಲ್ಲಿ ಪೆಟ್ಟಿಗೆಯ ಪೈನ್ ಹಲಗೆಯ ಮೇಲೆ ಐಎಸ್‌ಪಿಎಂ 15 ಮುದ್ರೆ ಇರಲಿಲ್ಲ. ಕೀಟಗಳಿಲ್ಲದಂತೆ ಮರವನ್ನು ಸಂಸ್ಕರಿಸಿದ ಗುರುತು ಅದು. ಇಲ್ಲದಿದ್ದರೆ ಇಲ್ಲಿನ ಬಂದರಿನಲ್ಲಿ ಮತ್ತೊಂದು ರಾಮಾಯಣ.

ಶೇಕಡಾ 70 ನನ್ನ ಬಳಿಯೇ ಇತ್ತಲ್ಲ, ಅದರಿಂದ ಮಾತಿಗೆ ತೂಕ ಬಂತು. ಹನ್ನೊಂದು ದಿನದಲ್ಲಿ ಮೋಟಾರು ಬದಲಾಯಿಸಿದರು, ಡಬ್ಬಿಯೊಳಗೆ ಪುಡಿ ಕದಡುವ ಕೈ ಕೂರಿಸಿದರು, ಹೊಸ ಪೆಟ್ಟಿಗೆ ಮಾಡಿದರು. ವಿಡಿಯೊದಲ್ಲಿ ಒಂದು ಗಂಟೆ ಓಡಿಸಿ ತೋರಿಸಿದ ಮೇಲೆ ಬಂದರಿಗೆ ಕಳಿಸಲು ಒಪ್ಪಿದೆ.

ಸಾಗಣೆಯ ಏಜೆಂಟನನ್ನು ನಾನೇ ಮುಂಬೈಯಲ್ಲಿ ಗೊತ್ತು ಮಾಡಿದ್ದೆ. ಎಫ್‌ಒಬಿ ಆದ್ದರಿಂದ ಆ ಹಕ್ಕು ನಮ್ಮದು. ಕಾರ್ಖಾನೆಯವರೇ ಹಡಗಿನ ಬಾಡಿಗೆ ಕಟ್ಟುವ ಸಿಐಎಫ್ ಬೆಲೆ ಅಗ್ಗ ಕಾಣುತ್ತದೆ, ಆದರೆ ಸಣ್ಣ ಸರಕಿಗೆ ಇಲ್ಲಿ ಇಳಿದ ಮೇಲೆ ಅವರ ಏಜೆಂಟು ಹೇಳಿದ ಶುಲ್ಕ ಕೊಡದೆ ಬಿಡುಗಡೆಯಿಲ್ಲ. ಇನ್ನೊಂದು ಲಾಭ ಆಮೇಲೆ ಅರಿವಾಯಿತು. ನಮ್ಮದು ಹಂಚಿಕೊಂಡ ಕಂಟೇನರು. ಅದಕ್ಕೆ ಬಿಲ್ ಆಫ್ ಲೇಡಿಂಗ್ ಕೊಡುವುದು ಸಾಗಣೆಯ ಏಜೆಂಟ್, ಹಾಗಾಗಿ ಅದರ ಸಂಖ್ಯೆಯನ್ನು ಹಡಗು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಏನೂ ಸಿಗುವುದಿಲ್ಲ. ಕಾರ್ಖಾನೆ ಕಳಿಸಿದ ಪ್ರತಿ ಅಸಲಿಯೇ ಎಂದು ಮುಂಬೈಗೆ ಫೋನು ಮಾಡಿ ಕೇಳಲು ಸಾಧ್ಯವಾದದ್ದು ಏಜೆಂಟ್ ನಮ್ಮವನಾಗಿದ್ದರಿಂದ.

ನವೆಂಬರ್ ಮೊದಲ ವಾರ ಬಿಲ್ಲಿನ ಪ್ರತಿ ಬಂತು. ಮರುದಿನ ಬೆಳಿಗ್ಗೆ ಹುಡುಗಿಯ ಹೆಸರಿನಲ್ಲಿ ಮತ್ತೊಂದು ಇಮೇಲ್: "ನಮ್ಮ ಖಾತೆ ವಾರ್ಷಿಕ ಲೆಕ್ಕ ತಪಾಸಣೆಯಲ್ಲಿದೆ, ಬಾಕಿ 4,760 ಡಾಲರನ್ನು ನಮ್ಮ ಇನ್ನೊಂದು ಖಾತೆಗೆ ಕಳಿಸಿ, ಹಡಗು ಹೊರಟಿದೆ, ಇಂದೇ ಕಳಿಸಿದರೆ ತಡವಾಗುವುದಿಲ್ಲ." ಹೊಸ ಪ್ರೊಫಾರ್ಮಾ ಲಗತ್ತಾಗಿತ್ತು, ಕೆಂಪು ಮೊಹರು ಸಮೇತ. ಹಿಂದಿನ ಪತ್ರ ವ್ಯವಹಾರವೆಲ್ಲ ಕೆಳಗೆ ಹಾಗೆಯೇ ಇತ್ತು. ನನ್ನನ್ನು ಸಂಬೋಧಿಸಿದ ರೀತಿಯೂ ಅವಳದ್ದೇ. ಖಾತೆ ಮಾತ್ರ ಯುರೋಪಿನ ಒಂದು ದೇಶದ್ದು.

ನಾನು ನಂಬಿದೆ. ಅರ್ಜಿ ತುಂಬಿ, ಎರಡೂ ಪ್ರೊಫಾರ್ಮಾ ಹಿಡಿದು ಹುಬ್ಬಳ್ಳಿಗೆ ಹೊರಟೂ ಬಿಟ್ಟೆ. ಬಸ್ಸಿನಲ್ಲಿ ಕುಳಿತು ಕಾಗದ ಜೋಡಿಸುವಾಗ ಎರಡೂ ಹಾಳೆ ಒಂದರ ಮೇಲೊಂದು ಬಂದವು. ಮೊಹರು ಎರಡರಲ್ಲೂ ಒಂದೇ ಕಡೆ, ಒಂದೇ ಓರೆ, ಸಹಿಯ ಅದೇ ಅಕ್ಷರದ ಮೇಲೆ. ದಿನಕ್ಕೆ ನೂರು ಪೊಟ್ಟಣಕ್ಕೆ ಕೈಯಿಂದ ತಾರೀಖಿನ ಮುದ್ರೆ ಒತ್ತಿದ ಕೈ ನನ್ನದು. ಎರಡು ಮುದ್ರೆ ಹಾಗೆ ಒಂದೇ ಥರ ಬೀಳುವುದಿಲ್ಲ. (ಕೆಲವು ಕಂಪನಿಗಳು ಮೊಹರಿನ ಚಿತ್ರವನ್ನೇ ಅಂಟಿಸುತ್ತವಂತೆ, ಆದ್ದರಿಂದ ಇದೊಂದೇ ಪುರಾವೆಯಲ್ಲ.) ಇಮೇಲ್ ವಿಳಾಸವನ್ನು ಹಿಗ್ಗಿಸಿ ನೋಡಿದೆ. ಒಂದು ಎಮ್ ಇದ್ದ ಜಾಗದಲ್ಲಿ ಆರ್ ಮತ್ತು ಎನ್ ಪಕ್ಕಪಕ್ಕ ಕುಳಿತಿದ್ದವು.

ನವನಗರದಲ್ಲಿ ಇಳಿದು ಹುಡುಗಿಗೆ ಕರೆ ಮಾಡಿದೆ. ಸಿಗಲಿಲ್ಲ. ಪರವಾನಗಿ ನೋಡುವಾಗ ಬರೆದಿಟ್ಟುಕೊಂಡಿದ್ದ ಕಾರ್ಖಾನೆಯ ಸ್ಥಿರ ದೂರವಾಣಿಗೆ ಮಾಡಿದೆ. ಆಚೆಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವಳ ಹೆಸರು ಹೇಳಿದ್ದಕ್ಕೆ ಅವಳನ್ನು ಕರೆದರು. "ಯಾವ ಹೊಸ ಖಾತೆ?" ಎಂದಳು. ಆಮೇಲೆ ಬಹಳ ಹೊತ್ತು ಆಚೆ ಕಡೆ ಸದ್ದೇ ಇರಲಿಲ್ಲ. ಅವರ ಇಮೇಲಿಗೆ ಯಾರೋ ನುಗ್ಗಿ ತಿಂಗಳಿಂದ ನಮ್ಮ ಮಾತನ್ನೆಲ್ಲ ಓದುತ್ತ, ದೊಡ್ಡ ಕಂತಿನ ದಿನಕ್ಕೆ ಕಾದಿದ್ದರು. ಇಷ್ಟು ದಿನ ನಾನು ಅನುಮಾನಿಸಿದ್ದು ಅವಳನ್ನು. ಆ ಹೊತ್ತಿನಲ್ಲಿ ಬಸ್ ನಿಲ್ದಾಣದಲ್ಲಿ ನಿಂತು ಅವಳಿಗೇ ಸಮಾಧಾನ ಹೇಳಿದೆ.

ಒಂದು ವೇಳೆ ಹಣ ಕಳಿಸಿಯೇ ಬಿಟ್ಟಿದ್ದರೆ? ಮೇಡಂ ಹೇಳಿದ್ದು: ಆ ಗಳಿಗೆಯಲ್ಲೇ ಬ್ಯಾಂಕಿಗೆ ಹೇಳಿ ಸ್ವಿಫ್ಟ್ ಮೂಲಕ ವಾಪಸು ಕೋರಿಕೆ ಹಾಕಿಸಬೇಕು, 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಬೇಕು. ಆದರೆ ಆಚೆಯ ಖಾತೆಯಿಂದ ಹಣ ತೆಗೆದಾಗಿದ್ದರೆ ಬ್ಯಾಂಕು ಏನೂ ಮಾಡಲಾರದು.

ನಾಲ್ಕು ದಿನ ಬಿಟ್ಟು ಹಳೆಯ ಖಾತೆಗೇ 4,760 ಡಾಲರ್ ಕಳಿಸಿದೆ, ಅವಳಿಂದ ವಿಡಿಯೊದಲ್ಲಿ ಖಾತೆ ಸಂಖ್ಯೆ ಓದಿಸಿದ ಮೇಲೆ. ಡಾಲರಿಗೆ 89 ರೂಪಾಯಿ 40 ಪೈಸೆ ಆಗಿತ್ತು. ಎರಡು ತಿಂಗಳ ಕಾಯುವಿಕೆಗೆ ಸುಮಾರು 2,400 ರೂಪಾಯಿ ಹೆಚ್ಚು. ಜಿಎಸ್‌ಟಿ 473. ಎರಡೇ ದಿನದಲ್ಲಿ ಮುಟ್ಟಿತು, ಅಂದೇ, ಮೂಲ ಬಿಲ್ಲು ಇಲ್ಲದೆಯೇ ಸರಕು ಬಿಡಬಹುದೆಂಬ 'ಟೆಲೆಕ್ಸ್' ಸಂದೇಶ ಬಂತು.

ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಕೆಲಸವನ್ನು ಕಸ್ಟಮ್ಸ್ ಬ್ರೋಕರ್ ನೋಡಿಕೊಂಡರು. ಬೆಳಗಾವಿ ಕಡೆಯವರು, ಫೋನಿನಲ್ಲಿ "ಅಕ್ಕಾ, ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಹಾಕಲೇಬೇಕು" ಎಂದು ನನ್ನ ಬೆನ್ನು ಹತ್ತಿದ್ದರು. ತಪ್ಪಿದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ 10,000 ರೂಪಾಯಿ. ಹಡಗಿನ ಬಾಡಿಗೆಯ, ವಿಮೆಯ ರಸೀದಿಗಳನ್ನು ಮೊದಲೇ ಕಳಿಸಿ. ಇಲ್ಲದಿದ್ದರೆ ಬಾಡಿಗೆಗೆ ಸರಕಿನ ಬೆಲೆಯ ಶೇಕಡಾ 20, ವಿಮೆಗೆ 1.125 ಎಂದು ಕಸ್ಟಮ್ಸಿನವರೇ ಸೇರಿಸಿ ಸುಂಕ ಹಾಕುತ್ತಾರೆ. ನಮ್ಮ ಯಂತ್ರಕ್ಕೆ ಮೂಲ ಸುಂಕ ಶೇಕಡಾ 7.5, ಅದರ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ, ಎಲ್ಲ ಸೇರಿದ ಮೊತ್ತಕ್ಕೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ 18. ಒಟ್ಟು ಶೇಕಡಾ 27.735. ಬೆಲೆ, ಬಾಡಿಗೆ, ವಿಮೆ ಸೇರಿ 6 ಲಕ್ಷ 40 ಸಾವಿರದಷ್ಟಾಗಿತ್ತು, ಸುಂಕ 1 ಲಕ್ಷ 77 ಸಾವಿರದ ಆಸುಪಾಸು. ಐಜಿಎಸ್‌ಟಿಯನ್ನು ಮುಂದೆ ತೆರಿಗೆ ಜಮೆಯಾಗಿ ಪಡೆಯಬಹುದು, ಆದರೆ ಕಟ್ಟುವ ದಿನ ಕೈಯಲ್ಲಿ ಹಣ ಇರಬೇಕು. ನಾನು ಅತ್ತೆಯ ಎರಡು ಬಳೆ ಅಡವಿಟ್ಟೆ.

ಸರಕು ಮನೆಗೆ ಬಂದರೆ ಮುಗಿಯಿತು ಎಂದುಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ ಆಮದು ನಿಗಾ ವ್ಯವಸ್ಥೆಯಲ್ಲಿ ನಾವು ಕಳಿಸಿದ ಎರಡೂ ರವಾನೆಗಳು ಬಾಕಿಯಾಗಿ ನಿಂತಿರುತ್ತವೆ. ಬಿಲ್ ಆಫ್ ಎಂಟ್ರಿಯನ್ನು ಬ್ಯಾಂಕಿಗೆ ಕೊಟ್ಟು ಅವೆರಡನ್ನೂ ಅದಕ್ಕೆ ಜೋಡಿಸಿ ಮುಚ್ಚಿಸಬೇಕು. 2,040ಕ್ಕೆ 4,760 ಕೂಡಿದರೆ 6,800. ಮೇಡಂ ನನ್ನ ಮುಂದೆಯೇ ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

ಮೊನ್ನೆ ಪೊಟ್ಟಣ ಕತ್ತರಿಸುವ ಬ್ಲೇಡುಗಳಿಗೆ ಆರ್ಡರ್ ಹಾಕಿದೆ. ಬರೀ 180 ಡಾಲರ್. ಹುಡುಗಿಗೆ ಕರೆ ಮಾಡಿ ಖಾತೆಯ ಕೊನೆಯ ಆರು ಅಂಕಿ ಓದು ಎಂದೆ. ನಕ್ಕಳು, ಆದರೂ ಓದಿದಳು.